ಕ್ಷಮೆಗೂ ಹರಾಜಿನ ಬೆಲೆ

ನಮ್ಮೂರು ಹರ್ತಿ. ಗದಗ ತಾಲೂಕಿನ ಎರೆಹೊಲದ ಊರು. ಊರಿನ ದೊಡ್ಡ ದೇವರು ಬಸವಣ್ಣ, ಊರಿನ ದೊಡ್ಡ ಆಟ ಕಬಡ್ಡಿ. ಕೆಲವು ವರ್ಷಗಳ ಹಿಂದೆ ಊರಲ್ಲೊಂದು ಹೊನಲು ಬೆಳಕಿನ ಪಂದ್ಯಾವಳಿ ನಡೆಯಿತು. ಚಂದಾ ಎತ್ತುವವರ ಗುಂಪಿನಲ್ಲಿ ನಾನೂ ಇದ್ದೆ. ನಮ್ಮ ತಂಡ ಗೆಲ್ಲಲೇಬೇಕೆಂದು ಹೊರಗಿನಿಂದ ಒಬ್ಬ ರೇಡರ್‌ನನ್ನು ದುಡ್ಡು ಕೊಟ್ಟು ಕರೆಸುವುದೆಂದು ತೀರ್ಮಾನವಾಯಿತು. ಅವನ ಆಟ ಎಲ್ಲರಿಗೂ ಗೊತ್ತಿತ್ತು. ಹೆಂಡತಿಯನ್ನು ಹೊಡೆದು ದವಾಖಾನೆಗೆ ಹಾಕಿಸಿದ್ದೂ ಗೊತ್ತಿತ್ತು. ಆಕೆಯ ಅಕ್ಕನನ್ನು ನಮ್ಮ ಓಣಿಗೇ ಕೊಟ್ಟಿದ್ದರು.

ಸಭೆಯಲ್ಲಿ ಒಬ್ಬ ಹಿರಿಯರು ಮಾತ್ರ ಗೊಣಗಿದರು. ಉಳಿದವರ ಉತ್ತರ ಸಿದ್ಧವಿತ್ತು: "ಅಂವಾ ಮನ್ಯಾಗ ಏನರ ಮಾಡ್ಲಿ, ಅಂಕಣದಾಗ ಪಾಯಿಂಟ್ ತಂದ್ರ ಸಾಕಲಾ." ನಾನು ಅಲ್ಲಗಳೆಯಲಿಲ್ಲ. ನಾಲ್ಕಕ್ಷರ ಓದಿದವನಾದ್ದರಿಂದ ಅದನ್ನೇ ತುಸು ನಯ ಮಾಡಿ ಹೇಳಿದೆ: "ಆಟ ಬೇರೆ, ಸಂಸಾರ ಬೇರೆ." ಅವನು ಬಂದ, ಪಾಯಿಂಟ್ ತಂದ, ನಾವು ಗೆದ್ದೆವು. ರಾತ್ರಿ ಹಲಿಗೆ ಬಡಿಸುತ್ತ ಅವನನ್ನು ಹೆಗಲ ಮೇಲೆ ಹೊತ್ತು ನಮ್ಮ ಓಣಿಯಲ್ಲೇ ಮೆರವಣಿಗೆ ಮಾಡಿದೆವು. ಆ ಅಕ್ಕನ ಮನೆಯ ಬಾಗಿಲು ಮುಚ್ಚಿತ್ತು. ಒಳಗೆ ದೀಪ ಉರಿಯುತ್ತಿತ್ತು.

ಆ ಮುಚ್ಚಿದ ಬಾಗಿಲಿನ ಮುಂದೆ ನಿಂತೇ ಈ ಲೇಖನ ಬರೆಯುತ್ತಿದ್ದೇನೆ. ಊರ ಕಬಡ್ಡಿ ತಂಡದಿಂದ ಹಿಡಿದು ಕೋಟಿಗಟ್ಟಲೆಯ ಫ್ರಾಂಚೈಸಿಗಳವರೆಗೆ, ಯುರೋಪಿನ ಫುಟ್‌ಬಾಲ್ ಕ್ಲಬ್ಬುಗಳವರೆಗೆ ಎಲ್ಲರ ಬಾಯಲ್ಲೂ ಇರುವುದು ನಾನು ಅಂದು ಆಡಿದ ಮಾತೇ. ಆ ಮಾತು ಸುಳ್ಳು.

ನಮ್ಮ ರಾಜ್ಯದ ತಂಡದಿಂದಲೇ ಶುರು ಮಾಡೋಣ. 2012ರ ಮೇ ತಿಂಗಳಲ್ಲಿ ರಾಯಲ್ ಚಾಲೆಂಜರ್ಸ್ ತಂಡದ ಆಸ್ಟ್ರೇಲಿಯಾದ ಆಟಗಾರ ಲ್ಯೂಕ್ ಪೊಮರ್ಸ್‌ಬ್ಯಾಕ್ ದೆಹಲಿಯ ಹೋಟೆಲೊಂದರಲ್ಲಿ ಅಮೆರಿಕದ ಮಹಿಳೆಯೊಬ್ಬರಿಗೆ ಕಿರುಕುಳ ಕೊಟ್ಟ ಆರೋಪದ ಮೇಲೆ ಬಂಧನಕ್ಕೊಳಗಾದರು. ಕುಡಿದು ವಾಹನ ಓಡಿಸಿದ ಪ್ರಕರಣದಲ್ಲಿ ಅವರ ಹೆಸರು ಅದಕ್ಕೂ ಮುಂಚೆ, 2009ರಲ್ಲಿ, ಅವರ ದೇಶದ ಪತ್ರಿಕೆಗಳಲ್ಲಿ ಬಂದಿತ್ತು. ಅದು ಗೊತ್ತಿದ್ದೇ ಅವರನ್ನು ಕೊಂಡಿದ್ದರು. ತಂಡ ಅವರನ್ನು ಅಮಾನತಿನಲ್ಲಿಟ್ಟಿತು, ಒಪ್ಪೋಣ. ಆದರೆ ತಂಡದ ಆಡಳಿತದಲ್ಲಿದ್ದ ಸಿದ್ಧಾರ್ಥ ಮಲ್ಯ ಟ್ವಿಟರ್‌ನಲ್ಲಿ ಪ್ರಶ್ನಿಸಿದ್ದು ದೂರು ಕೊಟ್ಟ ಹೆಣ್ಣಿನ ನಡತೆಯನ್ನು! ಪ್ರಕರಣ ಕೊನೆಗೆ ರಾಜಿಯಲ್ಲಿ ಮುಗಿಯಿತು, ಅಪರಾಧ ಸಾಬೀತಾಗಲಿಲ್ಲ. 2013ರ ಫೆಬ್ರವರಿಯ ಹರಾಜಿನಲ್ಲಿ ಪಂಜಾಬ್ ತಂಡ ಅದೇ ಆಟಗಾರನನ್ನು 3 ಲಕ್ಷ ಡಾಲರ್‌ಗೆ ಕೊಂಡಿತು. ಬಂಧನಕ್ಕೂ ಹರಾಜಿಗೂ ನಡುವೆ ಒಂದು ವರ್ಷವೂ ಕಳೆದಿರಲಿಲ್ಲ.

ಇದು ಹಳೆಯ ಕತೆ ಎನ್ನುವವರಿಗೆ ಹೊಸದನ್ನು ಹೇಳುತ್ತೇನೆ. 2024ರ ಮೇ 18ರಂದು ಚಿನ್ನಸ್ವಾಮಿ ಮೈದಾನದಲ್ಲಿ ಚೆನ್ನೈ ವಿರುದ್ಧ ಕೊನೆಯ ಓವರ್ ಹಾಕಿ ಬೆಂಗಳೂರನ್ನು ಪ್ಲೇಆಫ್‌ಗೆ ದಾಟಿಸಿದವರು ಯಶ್ ದಯಾಳ್. ಹರ್ತಿಯ ಚಹಾದಂಗಡಿಯಲ್ಲಿ ನಾವೂ ಕುಣಿದೆವು. 2025ರ ಜೂನ್ 3ರಂದು ಕಪ್ ಬಂತು. ಮರುದಿನ ಅದೇ ಮೈದಾನದ ಹೊರಗೆ ನೂಕುನುಗ್ಗಲಿನಲ್ಲಿ 11 ಜೀವ ಹೋಯಿತು. ಮುಂದಿನ ತಿಂಗಳು ದಯಾಳ್ ವಿರುದ್ಧ ಗಾಜಿಯಾಬಾದ್‌ನಲ್ಲಿ ಒಬ್ಬ ಮಹಿಳೆ ದೂರು ದಾಖಲಿಸಿದರು, ಆಮೇಲೆ ಜೈಪುರದಲ್ಲಿ ಇನ್ನೊಂದು ದೂರು ದಾಖಲಾಯಿತು. ಅವರು ಆರೋಪಗಳನ್ನು ನಿರಾಕರಿಸಿದ್ದಾರೆ. ಮೊದಲ ಪ್ರಕರಣದಲ್ಲಿ ಅಲಹಾಬಾದ್ ಹೈಕೋರ್ಟ್ ಬಂಧನಕ್ಕೆ ತಡೆ ಕೊಟ್ಟಿತು. ನಿಜ ಏನೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ನನ್ನದಲ್ಲ. ಆದರೆ ನವೆಂಬರ್‌ನಲ್ಲಿ ತಂಡ ಉಳಿಸಿಕೊಂಡವರ ಪಟ್ಟಿಯಲ್ಲಿ ಅವರ ಹೆಸರಿತ್ತು. ಆ ಪಟ್ಟಿ ತಂಡದ ತೀರ್ಮಾನ. ಅದರ ಬಗ್ಗೆ ಮಾತಾಡುವ ಹಕ್ಕು ಅಭಿಮಾನಿಗಿದೆ.

"ಆರೋಪ ಸಾಬೀತಾಗುವ ತನಕ ನಿರಪರಾಧಿ, ಕಾನೂನು ತನ್ನ ಕೆಲಸ ಮಾಡಲಿ" ಎನ್ನುವವರು ಇಲ್ಲೇ ನನ್ನನ್ನು ತಡೆಯುತ್ತಾರೆ. ಈ ವಾದವನ್ನು ಹಗುರವಾಗಿ ನೋಡಲಾರೆ. ಇಂಗ್ಲೆಂಡಿನಲ್ಲಿ ಬೆಂಜಮಿನ್ ಮೆಂಡಿ ಮೇಲಿದ್ದ ಅತ್ಯಾಚಾರದ ಆರೋಪಗಳಿಂದ ನ್ಯಾಯಮಂಡಳಿ ಅವರನ್ನು 2023ರಲ್ಲಿ ಬಿಡುಗಡೆ ಮಾಡಿತು. ನೇಪಾಳದ ಸ್ಪಿನ್ನರ್ ಸಂದೀಪ್ ಲಮಿಛಾನೆಗೆ 2024ರ ಜನವರಿಯಲ್ಲಿ ಶಿಕ್ಷೆಯಾಯಿತು, ಮೇ ತಿಂಗಳಲ್ಲಿ ಮೇಲಿನ ನ್ಯಾಯಾಲಯ ಖುಲಾಸೆ ಮಾಡಿತು. ಆರೋಪವೇ ಅಪರಾಧವಲ್ಲ.

ಹಾಗಿದ್ದರೆ ಶ್ರೀಶಾಂತ್ ವಿಷಯದಲ್ಲಿ ಈ ತತ್ವ ಎಲ್ಲಿ ಹೋಗಿತ್ತು? 2013ರ ಮೇ ತಿಂಗಳಲ್ಲಿ ಸ್ಪಾಟ್ ಫಿಕ್ಸಿಂಗ್ ಆರೋಪದಲ್ಲಿ ಅವರ ಬಂಧನವಾಯಿತು. ಅದೇ ಸೆಪ್ಟೆಂಬರ್‌ನಲ್ಲಿ ಕ್ರಿಕೆಟ್ ಮಂಡಳಿ ಅವರನ್ನು ಆಜೀವ ನಿಷೇಧಿಸಿತು. ನ್ಯಾಯಾಲಯಕ್ಕಾಗಿ ಮಂಡಳಿ ಕಾಯಲಿಲ್ಲ. 2015ರ ಜುಲೈನಲ್ಲಿ ದೆಹಲಿಯ ನ್ಯಾಯಾಲಯ ಅವರನ್ನು ಪ್ರಕರಣದಿಂದ ಕೈಬಿಟ್ಟಿತು. ಆದರೂ ಮಂಡಳಿ ನಿಷೇಧ ತೆಗೆಯಲಿಲ್ಲ. ನ್ಯಾಯಾಲಯದ ವಿಚಾರಣೆ ಬೇರೆ, ನಮ್ಮ ಶಿಸ್ತಿನ ವಿಚಾರಣೆ ಬೇರೆ ಎಂದಿತು. ಕೊನೆಗೆ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, 2019ರಲ್ಲಿ, ಶಿಕ್ಷೆ ಏಳು ವರ್ಷಕ್ಕಿಳಿಯಿತು.

ನಮ್ಮ ಕರ್ನಾಟಕ ಪ್ರೀಮಿಯರ್ ಲೀಗನ್ನೇ ನೋಡಿ. 2019ರಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಫಿಕ್ಸಿಂಗ್ ಆರೋಪದ ಮೇಲೆ ಆಟಗಾರರನ್ನು, ಬೆಳಗಾವಿ ತಂಡದ ಮಾಲೀಕರನ್ನು ಬಂಧಿಸಿದರು. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್, ಫಿಕ್ಸಿಂಗ್ ಭಾರತೀಯ ದಂಡ ಸಂಹಿತೆಯ ವಂಚನೆಯ ಕಲಮಿಗೆ ಬರುವುದಿಲ್ಲ ಎಂದು ಪ್ರಕರಣ ರದ್ದು ಮಾಡಿತು. ಕ್ರಮ ಕೈಗೊಳ್ಳುವುದು ಮಂಡಳಿಗೆ ಬಿಟ್ಟದ್ದು ಎಂದಿತು. ಅಂದರೆ ಕಾನೂನಿನ ಕೈ ಮುಟ್ಟದಲ್ಲೂ ಆಟದ ಸಂಸ್ಥೆಯ ಕೈ ಮುಟ್ಟಬಲ್ಲದು ಎಂದಾಯಿತು. ಅದೇ ಲೀಗು ಕೆಲ ವರ್ಷ ನಿಂತುಹೋಗಿ, 2022ರಲ್ಲಿ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಲ್ಲಿ ಮರಳಿತು.

ಹೀಗಾಗಿ "ಕಾನೂನು ತನ್ನ ಕೆಲಸ ಮಾಡಲಿ" ಎಂಬುದು ತತ್ವವಲ್ಲ, ಆಯ್ಕೆ. ಪಂದ್ಯಕ್ಕೆ ಮೋಸವಾದರೆ ಜಾಹೀರಾತಿಗೆ ನಷ್ಟ, ಪ್ರಸಾರದ ಹಕ್ಕಿಗೆ ನಷ್ಟ. ಆಗ ಸಂಸ್ಥೆಗೆ ತನ್ನದೇ ತನಿಖಾ ಘಟಕ, ತನ್ನದೇ ಶಿಸ್ತು ಸಮಿತಿ, ತನ್ನದೇ ತೀರ್ಪು. ಹೆಣ್ಣಿಗೆ ಅನ್ಯಾಯವಾಯಿತು ಎಂಬ ದೂರು ಬಂದರೆ ಸಂಸ್ಥೆಯ ಕೈ ಜೇಬಿನೊಳಗೆ. ಸಾಮರ್ಥ್ಯ ಇಲ್ಲದ್ದಲ್ಲ. ಆ ನಷ್ಟ ತನ್ನದು ಎಂದು ಅದಕ್ಕೆ ಅನ್ನಿಸಿಲ್ಲ.

ಸಾಮಾನ್ಯ ಜನರ ಕತೆ ನೋಡಿ. ಗದಗಿನ ಯಾವುದೋ ಕಚೇರಿಯ ಗುಮಾಸ್ತ 48 ಗಂಟೆಗಿಂತ ಹೆಚ್ಚು ಕಾಲ ಪೊಲೀಸ್ ಬಂಧನದಲ್ಲಿದ್ದರೆ ನಿಯಮದ ಪ್ರಕಾರ ಅಮಾನತಿನಲ್ಲಿದ್ದಾನೆ ಎಂದೇ ಅರ್ಥ. ಅವನೂ ನಿರಪರಾಧಿಯೇ, ಹಾಗೆಂದೇ ಅವನಿಗೆ ಜೀವನಾಂಶ ಭತ್ಯೆ ಕೊಡುತ್ತಾರೆ, ಖುಲಾಸೆಯಾದರೆ ಮರಳಿ ಕರೆದುಕೊಳ್ಳುತ್ತಾರೆ. ಅಮಾನತು ಶಿಕ್ಷೆಯಲ್ಲ. ಗುಮಾಸ್ತನಿಗೆ ಸಲ್ಲುವ ಈ ನಿಯಮ ಎಡಗೈ ವೇಗಿಗೆ ಯಾಕೆ ಸಲ್ಲಬಾರದು?

"ತಪ್ಪು ಮಾಡಿದವನಿಗೆ ಇನ್ನೊಂದು ಅವಕಾಶ ಬೇಡವೇ?" ಎಂಬುದು ಎರಡನೆಯ ವಾದ. ಖಂಡಿತ ಬೇಕು. ಹುಲುಗಪ್ಪ ಕಟ್ಟೀಮನಿ ಜೈಲಿನ ಕೈದಿಗಳಿಂದ ನಾಟಕ ಆಡಿಸಿದ್ದನ್ನು ಕನ್ನಡಿಗರು ಬಲ್ಲರು. ಕೊಲೆ ಮಾಡಿ ಶಿಕ್ಷೆ ಅನುಭವಿಸುತ್ತಿದ್ದವರು ರಂಗದ ಮೇಲೆ ನಿಂತಾಗ ನಾವು ಚಪ್ಪಾಳೆ ತಟ್ಟಿದ್ದೇವೆ, ತಟ್ಟಬೇಕು. ಆದರೆ ಅವರು ಮೊದಲು ಶಿಕ್ಷೆ ಅನುಭವಿಸಿದರು. ಮಾಡಿದ್ದನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಅವರನ್ನು ರಂಗಕ್ಕೆ ಕರೆದದ್ದು ಟಿಕೆಟ್ ಮಾರಲಿಕ್ಕಲ್ಲ. ಕ್ರೀಡಾ ತಂಡಗಳ ಇನ್ನೊಂದು ಅವಕಾಶದಲ್ಲಿ ಇವು ಮೂರೂ ಇರುವುದಿಲ್ಲ. ಅಲ್ಲಿ ಕ್ಷಮೆಯ ಅಳತೆಗೋಲು ಒಂದೇ: ಸ್ಟ್ರೈಕ್ ರೇಟ್. ನಂಬಿಕೆ ಬರದಿದ್ದರೆ ಒಂದು ಪರೀಕ್ಷೆ ಮಾಡಿ ನೋಡಿ: ಬೆಂಚಿನ ಮೇಲೆ ಕೂರುವ ಹದಿನೆಂಟನೆಯ ಆಟಗಾರನ ಮೇಲೆ ಇದೇ ದೂರು ಬಂದಿದ್ದರೆ ತಂಡ ಏನು ಮಾಡುತ್ತಿತ್ತು? ಮರುದಿನವೇ ಅವನ ಪೆಟ್ಟಿಗೆ ಹೊರಗಿರುತ್ತಿತ್ತು. ಪ್ರತಿಭೆಗೆ ತಕ್ಕಂತೆ ಸಿಗುವ ಕ್ಷಮೆ ಕ್ಷಮೆಯಲ್ಲ, ರಿಯಾಯಿತಿ. ಮೇಲಾಗಿ ಆ ಕ್ಷಮೆ ಕೊಡುವ ಹಕ್ಕು ತಂಡದ ಮಾಲೀಕನಿಗೆ ಎಲ್ಲಿಂದ ಬಂತು? ಏಟು ಬಿದ್ದದ್ದು ಅವನಿಗಲ್ಲವಲ್ಲ.

ಇದನ್ನೆಲ್ಲ ತಡೆಯಲಾಗದು, ದುಡ್ಡಿನ ಮುಂದೆ ಯಾರೂ ನಿಲ್ಲಲಾರರು ಎನ್ನುವುದೂ ಸುಳ್ಳು. 2020ರ ಅಕ್ಟೋಬರ್‌ನಲ್ಲಿ ಬ್ರೆಜಿಲ್‌ನ ಸಾಂಟೋಸ್ ಕ್ಲಬ್ ತನ್ನ ಹಳೆಯ ನಾಯಕಮಣಿ ರಾಬಿನ್ಯೋನನ್ನು ಮರಳಿ ಕರೆತಂದಿತು. ಇಟಲಿಯ ನ್ಯಾಯಾಲಯ 2017ರಲ್ಲೇ ಅವನಿಗೆ ಸಾಮೂಹಿಕ ಅತ್ಯಾಚಾರಕ್ಕಾಗಿ ಒಂಬತ್ತು ವರ್ಷ ಶಿಕ್ಷೆ ವಿಧಿಸಿತ್ತು, ಮೇಲ್ಮನವಿ ಬಾಕಿಯಿತ್ತು. ಪ್ರಾಯೋಜಕರು ಹಿಂದೆ ಸರಿದರು, ಜನ ರೇಗಿದರು, ಕೆಲವೇ ದಿನಗಳಲ್ಲಿ ಒಪ್ಪಂದ ಅಮಾನತಾಯಿತು. 2022ರಲ್ಲಿ ಶಿಕ್ಷೆ ಖಾಯಂ ಆಯಿತು, 2024ರ ಮಾರ್ಚ್‌ನಲ್ಲಿ ಅವನು ಬ್ರೆಜಿಲ್‌ನಲ್ಲೇ ಜೈಲು ಸೇರಿದ.

ಸ್ಕಾಟ್ಲೆಂಡಿನ ರೈತ್ ರೋವರ್ಸ್ ಎಂಬ ಸಣ್ಣ ಕ್ಲಬ್ಬಿನ ಕತೆ ಸಾಹಿತ್ಯದ ಓದುಗರಿಗೆ ಇನ್ನೂ ಹತ್ತಿರದ್ದು. 2022ರಲ್ಲಿ ಅದು ಡೇವಿಡ್ ಗುಡ್‌ವಿಲ್ಲಿ ಎಂಬ ಮುನ್ನಡೆ ಆಟಗಾರನನ್ನು ಕೊಂಡಿತು. ಕ್ರಿಮಿನಲ್ ಮೊಕದ್ದಮೆ ನಡೆಯದಿದ್ದರೂ, 2017ರಲ್ಲಿ ಸಿವಿಲ್ ನ್ಯಾಯಾಲಯ ಆತ ಅತ್ಯಾಚಾರಿ ಎಂದು ತೀರ್ಪು ಕೊಟ್ಟಿತ್ತು. ಆ ಕ್ಲಬ್ಬಿನ ಅಂಗಿಯ ಮೇಲೆ ಪ್ರಾಯೋಜಕಿಯಾಗಿ ಹೆಸರಿದ್ದದ್ದು ಪತ್ತೇದಾರಿ ಕಾದಂಬರಿಗಾರ್ತಿ ವ್ಯಾಲ್ ಮ್ಯಾಕ್‌ಡರ್ಮಿಡ್ ಅವರದು. ಬಾಲ್ಯದಿಂದ ಆ ತಂಡದ ಅಭಿಮಾನಿ. ಅವರು ತಮ್ಮ ಹೆಸರನ್ನು ಅಂಗಿಯಿಂದ ತೆಗೆಸಿದರು. ಮಹಿಳಾ ತಂಡದ ನಾಯಕಿ ತಂಡ ಬಿಟ್ಟರು. ಮೊದಲು ಆಟದ ಸಾಮರ್ಥ್ಯವನ್ನೇ ಮುಂದಿಟ್ಟು ಸಮರ್ಥಿಸಿಕೊಂಡಿದ್ದ ಕ್ಲಬ್ ಕೆಲವೇ ದಿನಗಳಲ್ಲಿ ಕ್ಷಮೆ ಕೇಳಿ, ಅವನನ್ನು ಆಡಿಸುವುದಿಲ್ಲ ಎಂದಿತು. ಒಬ್ಬ ಲೇಖಕಿ, ಒಬ್ಬ ಆಟಗಾರ್ತಿ, ಒಂದಷ್ಟು ಅಭಿಮಾನಿಗಳು. ಅಷ್ಟೇ ಸಾಕಾಯಿತು.

ನಮ್ಮ ತಂಡಗಳಿಂದ ನಾನು ಕೇಳುವುದು ಹೆಚ್ಚೇನಲ್ಲ. ಫಿಕ್ಸಿಂಗ್‌ಗೆ ಇರುವಂಥ ಸ್ವತಂತ್ರ ವಿಚಾರಣೆಯ ವ್ಯವಸ್ಥೆ ಹಿಂಸೆ ಮತ್ತು ಲೈಂಗಿಕ ಕಿರುಕುಳದ ದೂರಿಗೂ ಇರಲಿ, ಒಪ್ಪಂದದಲ್ಲೇ ಬರೆದಿರಲಿ. ಗಂಭೀರ ಪ್ರಕರಣ ದಾಖಲಾದರೆ ಸಂಬಳ ಕೊಟ್ಟು ಹೊರಗಿಡಿ. ಖುಲಾಸೆಯಾದರೆ ಗೌರವದಿಂದ ಮರಳಿ ಕರೆಯಿರಿ. ಅಪರಾಧ ಸಾಬೀತಾದವನನ್ನು ಎಂದಾದರೂ ಕೊಳ್ಳುವುದಾದರೆ, ಯಾಕೆ ಕೊಂಡೆವು, ಅವನು ಏನು ತೆತ್ತಿದ್ದಾನೆ, ನೊಂದವರಿಗೆ ಏನು ಸಿಕ್ಕಿದೆ ಎಂದು ಅಭಿಮಾನಿಗಳ ಮುಖ ನೋಡಿ ಹೇಳಿ.

ಆಟಕ್ಕೂ ಬಾಳಿಗೂ ಸಂಬಂಧವಿಲ್ಲ ಎನ್ನುವವರು ಆಟಗಾರನನ್ನು ಹೊಗಳುವಾಗ ಈ ಮಾತು ಮರೆಯುತ್ತಾರೆ. ಗದಗಿನ ಸುನೀಲ್ ಜೋಶಿ ದಿನಾ ನಸುಕಿನಲ್ಲಿ ಹುಬ್ಬಳ್ಳಿಗೆ ಹೋಗಿ ಬೌಲಿಂಗ್ ಕಲಿತದ್ದನ್ನು ನಾವು ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ. 1999ರಲ್ಲಿ ನೈರೋಬಿಯಲ್ಲಿ ಅವರು ದಕ್ಷಿಣ ಆಫ್ರಿಕಾ ವಿರುದ್ಧ 6 ರನ್ನಿಗೆ 5 ವಿಕೆಟ್ ತೆಗೆದದ್ದರ ಜೊತೆಗೆ ಆ ನಸುಕಿನ ಪ್ರಯಾಣವನ್ನೂ ಹೇಳುತ್ತೇವೆ. ಶ್ರಮದ ಕತೆ ಹೇಳುವಾಗ ಮೈದಾನದ ಹೊರಗಿನ ಬಾಳು ಬೇಕು, ಹಿಂಸೆಯ ಕತೆ ಬಂದಾಗ ಬೇಡ. ಇದು ಯಾವ ನ್ಯಾಯ?

ಆ ಪಂದ್ಯಾವಳಿಯ ಮೇಲೆ ಓಣಿಯ ಆ ಅಕ್ಕ ನನ್ನೊಂದಿಗೆ ಬಹಳ ದಿನ ಮಾತಾಡಲಿಲ್ಲ. ಒಮ್ಮೆ ನೀರಿನ ನಳದ ಹತ್ತಿರ ಸಿಕ್ಕಾಗ ಹೇಳಿದಳು: "ಅಂವಾ ಹೊಡದದ್ದು ನನ್ನ ತಂಗಿಗೆ ಅಷ್ಟ ಬ್ಯಾನಿ ಆಗಲಿಲ್ರಿ. ನೀವೆಲ್ಲಾ ಹೊತ್ತು ಕುಣದದ್ದು ಆತು."

ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಹೋದ ಸಲ ಹುಡುಗರು ಚಂದಾ ಕೇಳಲು ಬಂದಾಗ ರಸೀದಿ ಪುಸ್ತಕ ಮುಚ್ಚಿಸಿ, ಮೊದಲು ಕೇಳಿದೆ: "ಹೊರಗಿಂದ ಯಾರ್‍ನ ಕರಸಾಕತ್ತೀರಿ?" ಅವರಿಗೆ ಸಿಟ್ಟು ಬಂತು. ಬರಲಿ. ಹೆಸರು ಹೇಳಿದ ಮೇಲೆಯೇ ದುಡ್ಡು ಕೊಟ್ಟೆ.