ಸಾಬೂನಿನ ಸಿಂಗಳೀಕ, ಕಾಡಿನ ಸಿಂಗಳೀಕ

ಕಳೆದ ಬೇಸಿಗೆಯಲ್ಲಿ ನಮ್ಮೂರಿನ ಶಾಲೆಯ ಅಂಗಳದಲ್ಲಿ ಪರಿಸರ ಮೇಳವೊಂದು ನಡೆಯಿತು. ಬೀಜದುಂಡೆ, ಹಲಸಿನ ಹಪ್ಪಳ, ಕಾಡುಹಣ್ಣುಗಳ ಪ್ರದರ್ಶನಗಳ ನಡುವೆ ಮಕ್ಕಳು ಹೆಚ್ಚು ಮುತ್ತಿಕೊಂಡದ್ದು ಮಹಿಳಾ ಸ್ವಸಹಾಯ ಸಂಘದವರ ಮೇಜನ್ನು. ಬಿಳಿ ಬಟ್ಟೆಯ ಮೇಲೆ ಅಂಗೈಯಗಲದ ಆನೆ, ಆಮೆ, ಕಪ್ಪೆ, ಮಂಗಟ್ಟೆ, ಸಿಂಗಳೀಕಗಳು ಸಾಲಾಗಿ ಕುಳಿತಿದ್ದವು. ಎಲ್ಲವೂ ಮನೆಯಲ್ಲಿಯೇ ಮಾಡಿದ ಸಾಬೂನುಗಳು. ಹಿಂದಿನ ಗೋಡೆಯ ಮೇಲೆ 'ಕಾಡು ಉಳಿಸಿ, ಕಾಡುಪ್ರಾಣಿ ಉಳಿಸಿ' ಎಂಬ ಫಲಕ. ನಾಲ್ಕನೆಯ ತರಗತಿಯ ಹುಡುಗನೊಬ್ಬ ಸಿಂಗಳೀಕವನ್ನು ಕೈಯಲ್ಲಿ ಹಿಡಿದು, "ಇದನ್ನು ಮೈಗೆ ತಿಕ್ಕಿದರೆ ಸಿಂಗಳೀಕ ಕರಗಿಹೋಗುತ್ತದಲ್ಲ?" ಎಂದು ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ನನ್ನ ಜೊತೆಯಲ್ಲಿಯೇ ಮನೆಗೆ ಬಂದಿತು.

ಮೇಳ ಮುಗಿದ ಮೇಲೆ ಸಾಬೂನು ಮಾಡುವ ಕ್ರಮವನ್ನು ಸಂಘದ ತಂಗಿಯೊಬ್ಬರು ವಿವರಿಸಿದರು. ಪೇಟೆಯಿಂದ ಸೋಪ್ ಬೇಸ್ ಎಂಬ ಗಟ್ಟಿಯನ್ನು ತರುವುದು, ತುಂಡರಿಸಿ ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸುವುದು, ಬಣ್ಣ ಮತ್ತು ಸುಗಂಧ ಬೆರೆಸಿ ಸಿಲಿಕೋನ್ ಅಚ್ಚಿಗೆ ಹೊಯ್ಯುವುದು, ಒಂದೆರಡು ಗಂಟೆಗಳಲ್ಲಿ ಬಿಡಿಸುವುದು. ಮೇಲೆ ಚೂರು ಮಿಂಚುಪುಡಿ. ಕೆಲಸ ಸುಲಭ, ಅಪಾಯ ಕಡಿಮೆ, ನಾಲ್ಕು ಕಾಸಿನ ಆದಾಯವೂ ಉಂಟು. ಆ ಗಟ್ಟಿಯ ಹೊದಿಕೆಯ ಮೇಲೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿದ್ದ ಪಟ್ಟಿಯನ್ನು ಓದಿದೆ. ಮೊದಲ ಹೆಸರು ಸೋಡಿಯಂ ಪಾಮೇಟ್.

ವಿದ್ಯಾರ್ಥಿ ಮಿತ್ರರು ಈ ಹೆಸರುಗಳನ್ನು ಗುರುತಿಸಲು ಕಲಿಯಬೇಕು. ಎಣ್ಣೆ ಅಥವಾ ಕೊಬ್ಬು ಕಾಸ್ಟಿಕ್ ಸೋಡಾದೊಂದಿಗೆ ಕೂಡಿದಾಗ ಸಾಬೂನು ಮತ್ತು ಗ್ಲಿಸರಿನ್ ಹುಟ್ಟುತ್ತವೆ. ಯಾವ ಎಣ್ಣೆಯಿಂದ ಬಂದದ್ದೆಂಬುದು ಸಾಬೂನಿನ ಹೆಸರಿನಲ್ಲಿಯೇ ಅಡಗಿರುತ್ತದೆ. ತಾಳೆ ಎಣ್ಣೆಯದಾದರೆ ಸೋಡಿಯಂ ಪಾಮೇಟ್, ತೆಂಗಿನದಾದರೆ ಸೋಡಿಯಂ ಕೊಕೊಯೇಟ್, ದನ ಕುರಿಗಳ ಕೊಬ್ಬಿನದಾದರೆ ಸೋಡಿಯಂ ಟ್ಯಾಲೊವೇಟ್. ಸ್ನಾನದ ಮನೆಯಲ್ಲಿರುವ ಸಾಬೂನಿನ ಹೊದಿಕೆಯನ್ನು ಇಂದೇ ಓದಿ ನೋಡಬಹುದು.

ಜಗತ್ತಿನ ತಾಳೆ ಎಣ್ಣೆಯ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಬರುವುದು ಇಂಡೋನೇಷ್ಯಾ ಮತ್ತು ಮಲೇಷ್ಯಾಗಳಿಂದ. ಅದನ್ನು ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ನಮ್ಮದು. ಸುಮಾತ್ರಾ ಮತ್ತು ಬೋರ್ನಿಯೊ ದ್ವೀಪಗಳಲ್ಲಿ ಮಳೆಕಾಡು ಕಡಿದು, ಜೌಗುನೆಲದ ನೀರು ಬಸಿದು ತಾಳೆ ತೋಟಗಳನ್ನು ಎಬ್ಬಿಸಲಾಗಿದೆ. ಒರಾಂಗುಟಾನ್ ಎಂಬ ದೊಡ್ಡ ವಾನರ ಕಾಡಿನಲ್ಲಿ ಬದುಕಿರುವುದು ಈ ಎರಡೇ ದ್ವೀಪಗಳಲ್ಲಿ. ಅದರ ಮೂರೂ ಪ್ರಭೇದಗಳು ಇಂದು ಅಳಿವಿನ ಅಂಚಿನಲ್ಲಿವೆ. ನಮ್ಮ ಮೇಜಿನ ಮೇಲಿದ್ದ ಸಿಂಗಳೀಕವನ್ನು ಎರೆದದ್ದು ಇಂಥ ನೆಲದ ಎಣ್ಣೆಯಿಂದ ಇರಬಹುದು. ಒಂದು ಕಾಡಿನ ಕೋತಿಯನ್ನು ಉಳಿಸಿರೆಂದು ಮಕ್ಕಳಿಗೆ ಹೇಳಲು ಇನ್ನೊಂದು ಕಾಡಿನ ವಾನರನ ಮನೆಯನ್ನು ಕರಗಿಸುವುದು ಎಂಥ ಪಾಠ?

ಇಲ್ಲಿ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ತಾಳೆಮರ ತಪ್ಪು ಮಾಡಿಲ್ಲ. ಒಂದು ಹೆಕ್ಟೇರಿನಲ್ಲಿ ಅದು ಕೊಡುವ ಎಣ್ಣೆ ತೆಂಗು ಕೊಡುವುದಕ್ಕಿಂತ ಹಲವು ಪಟ್ಟು ಹೆಚ್ಚು. ಜಗತ್ತಿನ ತಾಳೆ ಎಣ್ಣೆಯನ್ನೆಲ್ಲ ಬಿಟ್ಟು ತೆಂಗಿನೆಣ್ಣೆಗೆ ತಿರುಗಿದರೆ ಇನ್ನಷ್ಟು ಕಾಡು ಹೋದೀತು. ಆದ್ದರಿಂದ 'ತಾಳೆ ಬೇಡ' ಎಂಬ ಘೋಷಣೆ ನನ್ನದಲ್ಲ. ನನ್ನ ಪ್ರಶ್ನೆ ಚಿಕ್ಕದು. ಅಡಿಕೆ ತೋಟದ ಅಂಚಿನಲ್ಲಿ ತೆಂಗು ಈಗಾಗಲೇ ಇರುವ ಊರಿನಲ್ಲಿ, ಅಲಂಕಾರಕ್ಕಾಗಿ ಮಾಡುವ ಒಂದು ಬುಟ್ಟಿ ಸಾಬೂನಿಗೆ ಸಮುದ್ರದಾಚೆಯ ಎಣ್ಣೆ ಏಕೆ ಬೇಕು? 2021ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ 11,040 ಕೋಟಿ ರೂಪಾಯಿಗಳ ತಾಳೆ ಎಣ್ಣೆ ಯೋಜನೆಯನ್ನು ಮಂಜೂರು ಮಾಡಿತು. ಈಶಾನ್ಯ ರಾಜ್ಯಗಳ ಬೆಟ್ಟಗಳಿಗೂ ಅಂಡಮಾನಿಗೂ ಅದರಲ್ಲಿ ವಿಶೇಷ ಒತ್ತು. ಅಂದರೆ ಆಚೆಯ ಕತೆ ಈಚೆಯ ಬೆಟ್ಟಗಳಿಗೂ ಬರಲು ಹೊರಟಿದೆ. ಬೆಟ್ಟದ ಜನರಾದ ನಮಗೆ ಇದು ದೂರದ ಸುದ್ದಿಯಾಗಿ ಉಳಿಯಬಾರದು.

ಸಾಬೂನಿಗೂ ಪ್ರಾಣಿಗೂ ಕಾಡಿಗೂ ನಂಟು ನಮ್ಮ ನಾಡಿನಲ್ಲಿ ಹಳೆಯದು. ಮೈಸೂರು ಸ್ಯಾಂಡಲ್ ಸಾಬೂನಿನ ಲಾಂಛನ ಶರಭ. ಸಿಂಹದ ಮೈ, ಆನೆಯ ತಲೆ. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ತೆಗೆಯುವ ಕಾರ್ಖಾನೆ ಆರಂಭವಾದಾಗ ಈ ನಾಡಿನ ಕಾಡುಗಳಲ್ಲಿ ಶ್ರೀಗಂಧಕ್ಕೆ ಬರವಿರಲಿಲ್ಲ. ಅನಂತರ ಕಳ್ಳಸಾಗಣೆ, ಕಾಡ್ಗಿಚ್ಚು ಮತ್ತು ಸ್ಪೈಕ್ ರೋಗಗಳು ಸೇರಿ ಆ ಮರವನ್ನು ಎಷ್ಟು ಬರಿದಾಗಿಸಿದವೆಂಬುದನ್ನು ನಮ್ಮ ಹಿರಿಯರೇ ಕಂಡಿದ್ದಾರೆ. ಇಂದು ಶ್ರೀಗಂಧ ಅಪಾಯಕ್ಕೆ ಒಳಗಾಗಬಲ್ಲ ಪ್ರಭೇದಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ಕಾಡಿನ ವಸ್ತುವಿಗೆ ಪೇಟೆಯಲ್ಲಿ ಬೆಲೆ ಬಂದೊಡನೆ ಕಾಡು ಉಳಿಯುವುದಿಲ್ಲ, ಅದನ್ನು ಕಾಯುವ ಕಟ್ಟಲೆಯೂ ಜೊತೆಗೆ ಬೇಕು ಎಂಬ ಪಾಠ ಇದರಲ್ಲಿದೆ.

ಈ ಪಾಠ ನಮ್ಮ ಸಾಬೂನಿಗೂ ಸಲ್ಲುತ್ತದೆ. ತೆಂಗಿನೆಣ್ಣೆಯ ಜೊತೆಗೆ ಬೆರೆಸಬಹುದಾದ ಗಟ್ಟಿ ಕೊಬ್ಬು ಮಲೆನಾಡಿನಲ್ಲಿಯೇ ಇದೆ. ಮುರುಗಲ ಬೀಜದಿಂದಲೂ ಉಪ್ಪಗೆಯ ಬೀಜದಿಂದಲೂ ನಮ್ಮ ಅಜ್ಜಿಯರು ತುಪ್ಪ ತೆಗೆಯುತ್ತಿದ್ದರು. ಒಡೆದ ಹಿಮ್ಮಡಿಗೆ ಹಚ್ಚುತ್ತಿದ್ದರು. ಮುರುಗಲ ಬೀಜದ ತೂಕದಲ್ಲಿ ಸುಮಾರು ಕಾಲು ಭಾಗ ಈ ಕೊಬ್ಬೇ. ಸಿಪ್ಪೆ ಒಣಗಿಸಿದ ಮೇಲೆ ಬೀಜ ಬಹುಪಾಲು ತಿಪ್ಪೆ ಸೇರುವುದರಿಂದ ಇದು ಕಸದಿಂದ ಬರುವ ಸಂಪತ್ತು. ಆದರೆ ಅಘನಾಶಿನಿ ಮತ್ತು ಶರಾವತಿ ಕಣಿವೆಗಳ ಸಿಂಗಳೀಕಗಳಿಗೆ ಉಪ್ಪಗೆಯೂ ಒಂದು ಆಹಾರ. ಅವುಗಳಿಗಾಗಿ 2011ರಲ್ಲಿ ಅಘನಾಶಿನಿ ಸಂರಕ್ಷಿತ ಮೀಸಲು ಪ್ರದೇಶವೂ 2019ರಲ್ಲಿ ಶರಾವತಿ ಸಿಂಗಳೀಕ ಅಭಯಾರಣ್ಯವೂ ಘೋಷಣೆಯಾದವು. ಅದೇ ಕಾಡುಗಳಲ್ಲಿ ಸಿಪ್ಪೆಗೆ ಬೆಲೆ ಬಂದಾಗ ಕಾಯಿ ಹಣ್ಣಾಗುವ ಮೊದಲೇ ಕೊಂಬೆ ಸವರುವುದನ್ನು ನಾವು ಕಂಡಿದ್ದೇವೆ. ಸುರಿಯುವ ಮಳೆಯಲ್ಲಿ ಅದನ್ನು ಒಣಗಿಸಲು ಗಾಡಿಗಟ್ಟಲೆ ಕಟ್ಟಿಗೆ ಉರಿದದ್ದನ್ನೂ ಕಂಡಿದ್ದೇವೆ. ನಾಳೆ ಸಾಬೂನಿನ ಸಿಂಗಳೀಕಕ್ಕಾಗಿ ಉಪ್ಪಗೆಯ ಬೀಜವನ್ನೂ ಬಾಚಿದರೆ ಕಾಡಿನ ಸಿಂಗಳೀಕ ಹಸಿಯಬೇಕಾದೀತು, ಹೊಸ ಸಸಿಯೂ ಏಳದು.

ಆದ್ದರಿಂದ ನನ್ನ ಸಲಹೆ ಇಷ್ಟು. ಸಾಬೂನಿಗೆ ಬೆಟ್ಟ, ಬೇಣ, ಹಿತ್ತಲುಗಳ ಮುರುಗಲನ್ನೇ ಬಳಸೋಣ, ಕಾಡಿನ ಉಪ್ಪಗೆಗೆ ಕೈ ಹಾಕುವುದು ಬೇಡ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಮೇಲೆ ಅರಣ್ಯವಾಸಿಗಳ ಹಕ್ಕನ್ನು ಮನ್ನಿಸಿದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಯಾವ ಹಣ್ಣನ್ನು ಯಾವ ತಿಂಗಳಿನಿಂದ ಕೊಯ್ಯಬೇಕು, ಮರದಲ್ಲಿ ಎಷ್ಟು ಬಿಡಬೇಕು ಎಂಬ ನಿರ್ಣಯವನ್ನು ಆ ಸಮಿತಿಯಲ್ಲಿ ಕುಳಿತು ನಾವೇ ಬರೆಯಬೇಕು. ಸಮಿತಿ ಕಡತದಲ್ಲಿ ಮಾತ್ರ ಇದ್ದರೆ ಅದನ್ನು ಕರೆಯಿಸುವ ಕೆಲಸವೂ ನಮ್ಮದೇ.

ಮಾಡುವ ವಿಧಾನವನ್ನು ಹೇಳದೆ ಅಭಿಪ್ರಾಯವನ್ನಷ್ಟೇ ಹೇಳಿದರೆ ಅದು ಬರಿಯ ಉಪದೇಶವಾದೀತು. ಒಂದು ಕಿಲೋ ತೆಂಗಿನೆಣ್ಣೆಗೆ 150 ಗ್ರಾಂ ಕಾಸ್ಟಿಕ್ ಸೋಡಾ, 350 ಗ್ರಾಂ ನೀರು. ಮೂರನ್ನೂ ತೂಕ ಮಾಡಿಯೇ ಅಳೆಯಬೇಕು. ಎಣ್ಣೆಯಲ್ಲಿ 100 ಗ್ರಾಮಿನಷ್ಟು ತೆಗೆದು ಮುರುಗಲ ತುಪ್ಪ ಸೇರಿಸಿದರೂ ಈ ಅಳತೆ ನಡೆಯುತ್ತದೆ. ಸೋಡಾವನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಸೋಡಾದ ಮೇಲೆ ನೀರು ಸುರಿದರೆ ಸಿಡಿದು ಮುಖಕ್ಕೆ ಹಾರುತ್ತದೆ. ಅಲ್ಯುಮಿನಿಯಂ ಪಾತ್ರೆ ಸರ್ವಥಾ ಕೂಡದು, ಸ್ಟೀಲಿನದೇ ಆಗಬೇಕು. ಕೈಗೆ ಗವಸು, ಕಣ್ಣಿಗೆ ಕನ್ನಡಕ, ಬಯಲು ಗಾಳಿ ಇರಬೇಕು; ಮಕ್ಕಳು ದೂರವಿರಬೇಕು. ದ್ರಾವಣ ಉಗುರುಬೆಚ್ಚಗಾದ ಮೇಲೆ ಎಣ್ಣೆಗೆ ಬೆರೆಸಿ, ಗಂಜಿಯ ಹದ ಬರುವವರೆಗೆ ಕಡೆದು ತಟ್ಟೆಗೆ ಹೊಯ್ಯಬೇಕು. ಮರುದಿನ ತುಂಡರಿಸಿ, ನಾಲ್ಕರಿಂದ ಆರು ವಾರ ಗಾಳಿಯಾಡುವ ಕಡೆ ಒಣಗಿಸಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಏನೂ ಒಣಗದಾದ್ದರಿಂದ ದೀಪಾವಳಿಯ ಅನಂತರವೇ ಇದಕ್ಕೆ ಕಾಲ.

ಪ್ರಾಣಿಯ ರೂಪ ಬರುವುದು ಇದಾದ ಮೇಲೆ. ಒಣಗಿದ ಸಾಬೂನನ್ನು ತುರಿದು, ಚೂರು ನೀರು ಚಿಮುಕಿಸಿ ಕಣಕದಂತೆ ನಾದಿ, ಎಣ್ಣೆ ಸವರಿದ ಮರದ ಅಚ್ಚಿಗೆ ಒತ್ತಿದರೆ ಸಾಕು. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಆನೆ, ಗಿಳಿಗಳನ್ನು ಕಂಡವರಿಗೆ ಈ ಕಲೆ ಹೊಸದಲ್ಲ. ಸಾಗರ, ಸೊರಬಗಳ ಗುಡಿಗಾರರು ತಲೆಮಾರುಗಳಿಂದ ಮರ ಕೆತ್ತುತ್ತ ಬಂದವರು. ಮಂಗಟ್ಟೆಯ ಕೊಕ್ಕನ್ನೂ ಸಿಂಗಳೀಕದ ಕೇಸರವನ್ನೂ ಅವರಿಗಿಂತ ಚೆನ್ನಾಗಿ ಯಾರು ಕೆತ್ತಬಲ್ಲರು? ಸಿಲಿಕೋನ್ ಅಚ್ಚಿಗೆ ಕೊಡುವ ಹಣ ಅವರ ಮನೆಗೆ ಹೋಗಲಿ. ಸಿಂಗಳೀಕದ ಕಪ್ಪು ಮೈಗೆ ತೆಂಗಿನ ಕರಟದ ಇದ್ದಿಲಿನ ಪುಡಿ ಸಾಕು, ಕೇಸರಕ್ಕೆ ಸಾಬೂನಿನ ಸಹಜ ಬಿಳುಪೇ ಬಣ್ಣ. ಅರಿಶಿನ ಬೆರೆಸಿದರೆ ಕ್ಷಾರಕ್ಕೆ ಕೆಂಪಾಗಿ ತಿರುಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿ ಓಕುಳಿಯಾಗುವುದೂ ಇದೇ ಕಾರಣಕ್ಕೆ ಎಂದು ಮಕ್ಕಳಿಗೆ ತೋರಿಸಬಹುದು. ಮಿಂಚುಪುಡಿ ಮಾತ್ರ ಬೇಡ. ಅದು ಬಹುಮಟ್ಟಿಗೆ ಪ್ಲಾಸ್ಟಿಕ್ ಚೂರು. ಬಚ್ಚಲಿನಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಸಾಗುತ್ತದೆ. ಬಿಡಿ ಪ್ಲಾಸ್ಟಿಕ್ ಮಿಂಚುಪುಡಿಯ ಮಾರಾಟವನ್ನು ಯುರೋಪಿನ ಒಕ್ಕೂಟ 2023ರ ಅಕ್ಟೋಬರಿನಿಂದ ನಿಷೇಧಿಸಿದೆ. ಇನ್ನೊಂದು ಎಚ್ಚರಿಕೆ: ಪ್ರಾಣಿಯ ರೂಪದ ಸಾಬೂನು ಪುಟ್ಟ ಮಕ್ಕಳಿಗೆ ಮಿಠಾಯಿಯಂತೆ ಕಾಣುತ್ತದೆ. ಅವರ ಕೈಗೆ ಎಟುಕದಂತೆ ಇಡಬೇಕು. ಸಾಬೂನು ಒತ್ತಿದ ಅಚ್ಚನ್ನು ಸಕ್ಕರೆಗೆ ಮತ್ತೆ ಬಳಸಬಾರದು.

ಇದನ್ನೆಲ್ಲ ಕೇಳಿದ ಸಂಘದ ತಂಗಿ ಕೇಳಿದ್ದು ಒಂದೇ ಮಾತು: "ತೆಂಗಿನೆಣ್ಣೆಯ ಬೆಲೆ ಹೀಗಿರುವಾಗ ನಮಗೆ ಏನು ಉಳಿಯುತ್ತದೆ ಅಣ್ಣಾ?" 2025ರಲ್ಲಿ ಕೊಬ್ಬರಿ ಎಣ್ಣೆಯ ಬೆಲೆ ಏರಿದ ಪರಿಯನ್ನು ಕಂಡವರು ಈ ಪ್ರಶ್ನೆಯನ್ನು ತಳ್ಳಿಹಾಕಲಾರರು. ನಾವಿಬ್ಬರೂ ಕುಳಿತು ಲೆಕ್ಕ ಹಾಕಿದೆವು. ಒಂದು ಕಿಲೋ ಎಣ್ಣೆಯಿಂದ ಒಣಗಿದ ಮೇಲೆ 50 ಗ್ರಾಮಿನ ಸುಮಾರು 25 ಸಾಬೂನು ಆಗುತ್ತವೆ. ಒಂದೊಂದಕ್ಕೆ ತಗಲುವ ಎಣ್ಣೆ 40 ಗ್ರಾಂ. ಅಲಂಕಾರದ ಸಾಬೂನನ್ನು ಕೊಳ್ಳುವವರು ಅದರ ರೂಪಕ್ಕೂ ಕತೆಗೂ ಹಣ ಕೊಡುವವರು. ಕೆಲವು ರೂಪಾಯಿ ಹೆಚ್ಚಾದರೆ ಬಿಟ್ಟು ಹೋಗುವವರಲ್ಲ. ಆ ಕತೆ ನಿಜವಾಗಿದ್ದರೆ ಮಾರುವವರಿಗೂ ನಾಚಿಕೆಯಿಲ್ಲ. ಆದರೂ ನಷ್ಟದ ಭಯ ಅವರದು, ಉಪದೇಶ ಮಾತ್ರ ನಮ್ಮದು ಎಂದಾಗಬಾರದು. ಮೇಳ ನಡೆಸುವ ಶಾಲೆಗಳೂ ನಮ್ಮ ಸಂಘಟನೆಗಳೂ ಮುಂಗಡ ಕೊಟ್ಟು ಮೊದಲ ಬುಟ್ಟಿಯನ್ನು ಕೊಳ್ಳಬೇಕು. ಮಾರಾಟಕ್ಕೆ ಮಾಡುವ ಸಾಬೂನಿಗೆ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಪರವಾನಗಿ ಬೇಕು. ಆ ಕಾಗದಪತ್ರದ ಓಡಾಟದಲ್ಲಿಯೂ ಹೆಗಲು ಕೊಡಬೇಕು.

ಕೊನೆಗೆ ನೀರಿನ ಮಾತು. 'ನೈಸರ್ಗಿಕ' ಎಂಬ ಒಂದು ಪದದಿಂದ ಎಲ್ಲವೂ ಶುದ್ಧವಾಗುವುದಿಲ್ಲ. ಅಂಟುವಾಳದ ನೊರೆಯೂ ಮೀನಿಗೆ ವಿಷವೇ. ಅದನ್ನು ಹಳ್ಳಕ್ಕೆ ಕಲಸಿ ಮೀನು ಹಿಡಿಯುತ್ತಿದ್ದುದು ಹಿರಿಯರಿಗೆ ಗೊತ್ತು. ಯಾವ ಸಾಬೂನಾದರೂ ಹಳ್ಳದಲ್ಲಿ ನಿಂತು ತಿಕ್ಕಬಾರದು. ಬಚ್ಚಲ ನೀರು ಬಾಳೆಯ ಬುಡಕ್ಕೋ ಕೆಸುವಿನ ಪಾತಿಗೋ ಹರಿದು ಮಣ್ಣಿನಲ್ಲಿ ಇಂಗಬೇಕು.

ಆ ಹುಡುಗನ ಪ್ರಶ್ನೆಗೆ ಅಂದು ಯಾರೂ ಉತ್ತರ ಕೊಡಲಿಲ್ಲ. ಕೈಯಲ್ಲಿರುವ ಸಿಂಗಳೀಕ ಕರಗಲೇಬೇಕು ಮಗೂ, ಸಾಬೂನು ಇರುವುದೇ ಅದಕ್ಕೆ. ಅದು ಕರಗುವಾಗ ಮರದ ಮೇಲಿರುವ ಸಿಂಗಳೀಕದ ಪಾಲಿನ ಹಣ್ಣು, ಅದರ ಕಾಡು, ದೂರದ ದ್ವೀಪದಲ್ಲಿರುವ ಅದರ ಬಂಧುವಿನ ಕಾಡು ಜೊತೆಗೆ ಕರಗದಂತೆ ನೋಡಿಕೊಳ್ಳುವುದು ದೊಡ್ಡವರ ಕೆಲಸ. ಮುಂದಿನ ಮೇಳದೊಳಗೆ ನಮ್ಮೂರಿನಲ್ಲಿ ಆ ಕೆಲಸ ಆರಂಭವಾಗಬೇಕು. ನಿಮ್ಮೂರಿನಲ್ಲಿ ಯಾವಾಗ?