ಸಾಲ ಅಂದರೆ ನಾಚಿಕೆ, ಲೋನ್ ಅಂದರೆ ಹೆಮ್ಮೆ: ಸೈಟಿನ ಲೆಕ್ಕ ಒಮ್ಮೆ ಪೂರ್ತಿ ಮಾಡೋಣ

ನಮ್ಮ ಕಡೆ ಒಂದೇ ವಸ್ತುವಿಗೆ ಎರಡು ಹೆಸರಿದೆ. ಹುಳು ಮನೆ ಕಟ್ಟಲು, ಬೋರ್‌ವೆಲ್ ಕೊರೆಸಲು, ಮಗಳ ಮದುವೆ ಮಾಡಲು ತಂದ ಹಣಕ್ಕೆ ‘ಸಾಲ’ ಅನ್ನುತ್ತೇವೆ. ಸೈಟು ಕೊಳ್ಳಲು ತಂದ ಹಣಕ್ಕೆ ‘ಲೋನು’ ಅನ್ನುತ್ತೇವೆ. ಸಾಲ ಇದೆ ಅಂತ ಹೇಳುವಾಗ ದನಿ ತಗ್ಗುತ್ತದೆ. ಲೋನ್ ಆಯ್ತು ಅಂತ ಹೇಳುವಾಗ ಜೊತೆಗಿದ್ದ ನಾಲ್ಕು ಜನಕ್ಕೆ ಟೀ ಕೊಡಿಸುತ್ತೇವೆ. ಕೊಟ್ಟವರ ಪುಸ್ತಕದಲ್ಲಿ ಮಾತ್ರ ಎರಡಕ್ಕೂ ಒಂದೇ ಹೆಸರು.

ಸೈಟು ಕೊಳ್ಳಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಮಾಡಿದ ಸಾಲವನ್ನು ಸಾಲ ಅಂತಲೇ ಕರೆಯೋಣ, ಲಾಭ ನಷ್ಟದ ಲೆಕ್ಕವನ್ನು ಪೂರ್ತಿ ಮಾಡೋಣ ಅನ್ನುವುದಷ್ಟೇ ನನ್ನ ಮಾತು. ತಾಲ್ಲೂಕು ಕಚೇರಿ, ಉಪನೋಂದಣಿ ಕಚೇರಿ ಸುತ್ತುತ್ತಾ ಸುದ್ದಿ ಮಾಡುವ ನನಗೆ ಕಾಣುವುದು ಅರ್ಧ ಲೆಕ್ಕ ಮಾಡಿ ಪೂರ್ತಿ ಸಹಿ ಹಾಕುವವರೇ ಜಾಸ್ತಿ.

ಮೇಲೂರಿನ ಸುತ್ತಮುತ್ತ ಜಮೀನಿನ ರೇಟು ಯಾಕೆ ಏರಿತು ಅಂತ ಎಲ್ಲರಿಗೂ ಗೊತ್ತು. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾಯಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳುವಂತಾಯಿತು. ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ ತೋಟದ ಪಕ್ಕದಲ್ಲೇ ಬಿಳಿ ಬಣ್ಣ ಬಳಿದ ಸೈಟು ಕಲ್ಲುಗಳು ಎದ್ದವು.

ಇದರಲ್ಲಿ ಲಾಭ ಮಾಡಿದವರು ಇದ್ದಾರೆ, ಸುಳ್ಳಲ್ಲ. ಆದರೆ ಅವರು ಯಾರು ಅಂತ ನೋಡಿ. ರೇಟು ಏರುವ ಮೊದಲೇ ಕೈಯಲ್ಲಿದ್ದ ಹಣದಿಂದ ಕೊಂಡವರು, ಅವಸರದಲ್ಲಿ ಮಾರುವ ಗತಿ ಬಾರದವರು, ಕಾಗದಪತ್ರ ಸರಿಯಿದ್ದವರು. ಅವರ ಕಥೆ ಕೇಳಿ ಈಗ ಸಾಲ ಮಾಡಿ ಕೊಳ್ಳುವವರದು ಬೇರೆಯೇ ಲೆಕ್ಕ.

ಒಂದು ಉದಾಹರಣೆ ಹಾಕೋಣ. 3 ಲಕ್ಷಕ್ಕೆ ಕೊಂಡ ಸೈಟು 15 ವರ್ಷದಲ್ಲಿ 12 ಲಕ್ಷ ಆಯಿತು ಅಂದುಕೊಳ್ಳಿ. ನಾಲ್ಕು ಪಟ್ಟು! ಊರೆಲ್ಲಾ ಹೇಳಿಕೊಂಡು ತಿರುಗುವ ಲಾಭ. ಆದರೆ ಆ 3 ಲಕ್ಷವನ್ನು ಎರಡು ರೂಪಾಯಿ ಬಡ್ಡಿಗೆ ತಂದಿದ್ದರೆ? ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಅಂದರೆ ತಿಂಗಳಿಗೆ 6,000, ವರ್ಷಕ್ಕೆ 72,000, ಹದಿನೈದು ವರ್ಷಕ್ಕೆ 10 ಲಕ್ಷದ 80 ಸಾವಿರ. ಅಸಲು 3 ಲಕ್ಷ ಸೇರಿಸಿ, 13 ಲಕ್ಷದ 80 ಸಾವಿರ. ಸೈಟು ಮಾರಿದರೆ ಬರುವುದು 12 ಲಕ್ಷ. ನಾಲ್ಕು ಪಟ್ಟು ಲಾಭ ಮಾಡಿದ ಮನುಷ್ಯ 1 ಲಕ್ಷದ 80 ಸಾವಿರ ಕಳೆದುಕೊಂಡಿದ್ದಾನೆ. ನೋಂದಣಿ ಖರ್ಚು, ಬ್ರೋಕರ್ ಕಮಿಷನ್, ಕಂದಾಯ ಇನ್ನೂ ಸೇರಿಸಿಲ್ಲ.

ಇದು ಯಾಕೆ ನಮಗೆ ಕಾಣುವುದಿಲ್ಲ? ಬಡ್ಡಿ ಸೈಟಿನಿಂದ ಹೋಗುವುದಿಲ್ಲ, ಗೂಡಿನ ದುಡ್ಡಿನಿಂದ ಹೋಗುತ್ತದೆ. ಶಿಡ್ಲಘಟ್ಟದ ಗೂಡು ಮಾರುಕಟ್ಟೆಯಿಂದ ಬಂದ ಹಣದಲ್ಲಿ ಬಡ್ಡಿ ಕಟ್ಟಿ, ಉಳಿದದ್ದರಲ್ಲಿ ಮನೆ ನಡೆಸುತ್ತೇವೆ. ಲಾಭ ಬಂದರೆ ಅದು ಸೈಟಿನ ಹೆಸರಿಗೆ, ಖರ್ಚು ಮಾತ್ರ ತೋಟದ ಹೆಸರಿಗೆ. ಕೊನೆಗೆ ‘ವ್ಯವಸಾಯದಲ್ಲಿ ಏನೂ ಗಿಟ್ಟಲ್ಲ, ಸೈಟಲ್ಲೇ ದುಡ್ಡು’ ಅಂತ ನಾವೇ ಹೇಳುತ್ತೇವೆ. ಹದಿನೈದು ವರ್ಷ ಸೈಟಿಗೆ ಮೇವು ಹಾಕಿದ್ದು ಹಿಪ್ಪುನೇರಳೆ ತೋಟ. ಬೈಗುಳ ತಿಂದದ್ದೂ ಅದೇ ತೋಟ.

ಬ್ಯಾಂಕಿನ ಸಾಲ ಆದರೆ ಪರವಾಗಿಲ್ಲವೇ? ಎರಡು ರೂಪಾಯಿ ಬಡ್ಡಿಗಿಂತ ಎಷ್ಟೋ ಮೇಲು, ಆದರೂ ಲೆಕ್ಕ ಇದೆ. 20 ಲಕ್ಷ ಸಾಲ, ಶೇ 9 ಬಡ್ಡಿ, 20 ವರ್ಷದ ಅವಧಿ ಅಂದರೆ ತಿಂಗಳ ಕಂತು ಸುಮಾರು 18,000. ಮೊದಲ ತಿಂಗಳ ಕಂತಿನಲ್ಲಿ 15,000 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಹೋಗುವುದು 3,000ದಷ್ಟು ಮಾತ್ರ. ಐದು ವರ್ಷ ತಪ್ಪದೆ ಕಟ್ಟಿದರೆ ನೀವು ಕೊಟ್ಟಿರುವುದು ಹೆಚ್ಚುಕಡಿಮೆ 10 ಲಕ್ಷದ 80 ಸಾವಿರ. ಸಾಲದಲ್ಲಿ ಇಳಿದಿರುವುದು 2 ಲಕ್ಷದ 26 ಸಾವಿರ. ಇಪ್ಪತ್ತು ವರ್ಷ ಮುಗಿಯುವಾಗ ಒಟ್ಟು 43 ಲಕ್ಷ ಕಟ್ಟಿರುತ್ತೀರಿ.

ಬಡ್ಡಿ ದರ ಒಂದೇ ಕಡೆ ನಿಲ್ಲುವುದೂ ಇಲ್ಲ. 2022ರ ಮೇ ತಿಂಗಳ ಮೊದಲು ರಿಸರ್ವ್ ಬ್ಯಾಂಕಿನ ರೆಪೊ ದರ ಶೇ 4 ಇತ್ತು. 2023ರ ಫೆಬ್ರುವರಿ ಹೊತ್ತಿಗೆ ಶೇ 6.5 ಆಯಿತು. ಶೇ 7ರಂತೆ ತೆಗೆದ 20 ಲಕ್ಷದ ಸಾಲ ಶೇ 9.5ಕ್ಕೆ ಏರಿದರೆ ಕಂತು ತಿಂಗಳಿಗೆ 3,000ಕ್ಕೂ ಮೇಲೆ ಹೆಚ್ಚುತ್ತದೆ. ಕೆಲವು ಬ್ಯಾಂಕುಗಳು ಕಂತು ಏರಿಸುವುದಿಲ್ಲ, ವರ್ಷಗಳನ್ನು ಏರಿಸುತ್ತವೆ. ಅದು ನಿಮಗೆ ಗೊತ್ತಾಗುವುದು ಸಾಲದ ಸ್ಟೇಟ್‌ಮೆಂಟ್ ತೆಗೆಸಿ ನೋಡಿದಾಗ. ಸಂಬಳದವರಿಗೆ ಒಂದನೇ ತಾರೀಖು ಹಣ ಬರುತ್ತದೆ. ರೇಷ್ಮೆ, ದ್ರಾಕ್ಷಿ ನಂಬಿದವರಿಗೆ ಬೆಳೆ ಬಂದಾಗ, ರೇಟು ಸಿಕ್ಕಾಗ ಬರುತ್ತದೆ. ಕಂತಿನ ತಾರೀಖು ಆಲಿಕಲ್ಲು ಮಳೆಗೆ ಕಾಯುವುದಿಲ್ಲ, ಹುಳು ಸತ್ತರೂ ಕಾಯುವುದಿಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ತಿಳಿದಿಲ್ಲ. 2002ರ ಸರ್ಫೇಸಿ ಕಾಯ್ದೆ ಪ್ರಕಾರ, ಕಂತು 90 ದಿನ ಬಾಕಿಬಿದ್ದು ಸಾಲ ವಸೂಲಾಗದ ಪಟ್ಟಿಗೆ ಸೇರಿದರೆ, ಬ್ಯಾಂಕ್ 60 ದಿನದ ನೋಟಿಸ್ ಕೊಟ್ಟು, ಸಿವಿಲ್ ದಾವೆ ಹೂಡದೆಯೇ ಅಡವಿಟ್ಟ ಮನೆ ಅಥವಾ ಸೈಟನ್ನು ವಶಕ್ಕೆ ತೆಗೆದುಕೊಂಡು ಮಾರಬಹುದು. ಕೃಷಿ ಜಮೀನಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಅದರ ಮೇಲಿನ ಸಾಲ ಕಟ್ಟಬೇಕಿಲ್ಲ ಅಂತಲ್ಲ, ವಸೂಲಿಗೆ ಬ್ಯಾಂಕ್ ಬೇರೆ ಕಾನೂನಿನ ದಾರಿ ಹಿಡಿಯಬೇಕು ಅಂತ. ಅಂದರೆ ತೋಟ ಮಾರಿ ಆ ಹಣದ ಜೊತೆ ಸಾಲ ಸೇರಿಸಿ ಸೈಟು ಕೊಂಡಾಗ, ಕಾಯ್ದೆ ಕೊಟ್ಟಿದ್ದ ಒಂದು ಬೇಲಿಯನ್ನೂ ಮಾರಿದಂತೆ. ಇದನ್ನು ಯಾವ ಬ್ರೋಕರ್ ಕೂಡ ಹೇಳುವುದಿಲ್ಲ.

ಕಾಗದದ ವಿಷಯಕ್ಕೆ ಬರೋಣ. ಸಾಲದ ಹಣ ಹಾಕಿ ತಕರಾರಿನ ಸೈಟು ಕೊಂಡರೆ ನಷ್ಟ ಎರಡು ಪಟ್ಟು. ಒಂದು ಕಡೆ ಕೇಸು, ಇನ್ನೊಂದು ಕಡೆ ಕಂತು. ಆದ್ದರಿಂದ ಮುಂಗಡ ಕೊಡುವ ಮೊದಲೇ ಇಷ್ಟು ಕೇಳಿ.

ಜಮೀನು ಭೂಪರಿವರ್ತನೆ ಆಗಿದೆಯೇ, ಲೇಔಟ್ ನಕ್ಷೆಗೆ ಅನುಮೋದನೆ ಇದೆಯೇ ನೋಡಿ. ಪಂಚಾಯಿತಿಯ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಇದೆಯೋ, ಬರೀ 11ಬಿ ಇದೆಯೋ ನೋಡಿ. 11ಬಿ ಸೈಟಿಗೆ ಸಾಲ ಕೊಡಲು ಬ್ಯಾಂಕುಗಳು ಹಿಂದೇಟು ಹಾಕುತ್ತವೆ. ಬ್ಯಾಂಕೇ ನಂಬದ ಸೈಟಿಗೆ ನೀವು ಕೈಬಡ್ಡಿ ತಂದು ಸುರಿಯುವುದು ಯಾಕೆ?

ಜಿಪಿಎ ಮಾಡಿಕೊಡುತ್ತೇವೆ ಅಂದರೆ ಬೇಡ ಅನ್ನಿ. ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

500 ಚದರ ಮೀಟರ್‌ಗಿಂತ ದೊಡ್ಡ ಲೇಔಟ್ ಆದರೆ ಸಾಮಾನ್ಯವಾಗಿ ರೇರಾ ನೋಂದಣಿ ಇರಬೇಕು. ರೇರಾ ಕಾಯ್ದೆ ಪ್ರಕಾರ, ಮಾರಾಟದ ಕರಾರು ನೋಂದಣಿ ಆಗದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ‘ತಿಂಗಳಿಗೆ ಇಷ್ಟು ಕಟ್ಟುತ್ತಾ ಹೋಗಿ, ಕೊನೆಗೆ ರಿಜಿಸ್ಟ್ರೇಷನ್’ ಅನ್ನುವವರಿಗೆ ಈ ಒಂದು ಮಾತು ಕೇಳಿ ನೋಡಿ.

ಪಿತ್ರಾರ್ಜಿತ ಜಮೀನಾದರೆ ಮನೆಯ ಹೆಣ್ಣುಮಕ್ಕಳ ಸಹಿ ಇದೆಯೇ ನೋಡಿ. 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿದೆ. ‘ಅವರಿಗೆಲ್ಲಾ ಕುಂಕುಮಕ್ಕೆ ಕೊಟ್ಟಿದ್ದೀವಿ’ ಅನ್ನುವ ಬಾಯಿಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಮೂರನೆಯದು ಸುದ್ದಿ ನಂಬಿ ಮಾಡುವ ಸಾಲ. ‘ಇಲ್ಲಿ ಫ್ಯಾಕ್ಟರಿ ಬರುತ್ತೆ, ಅಲ್ಲಿ ರಿಂಗ್ ರೋಡ್ ಬರುತ್ತೆ, ಇವತ್ತೇ ಅಡ್ವಾನ್ಸ್ ಕೊಡಿ’ ಅನ್ನುವ ವಾಟ್ಸ್‌ಆ್ಯಪ್ ಸಂದೇಶ ನಿಮಗೂ ಬಂದಿರುತ್ತದೆ. ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯನ್ನು ನೋಡಿ. 1,777 ಎಕರೆ ಸ್ವಾಧೀನದ ವಿರುದ್ಧ ರೈತರು ವರ್ಷಗಟ್ಟಲೆ ಹೋರಾಡಿದರು. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನವನ್ನೇ ಕೈಬಿಟ್ಟಿತು. ಅದು ರೈತರ ಗೆಲುವು, ನನಗೂ ಸಂತೋಷ. ಆದರೆ ಇಂಥ ಯೋಜನೆಯ ಸುದ್ದಿ ನಂಬಿ ಸುತ್ತಮುತ್ತ ಸಾಲ ಮಾಡಿ ಸೈಟು ಕೊಳ್ಳುವವರು ಒಂದು ಮಾತು ತಿಳಿದಿರಬೇಕು: ಸರ್ಕಾರ ಯೋಜನೆ ಕೈಬಿಡಬಹುದು, ಬ್ಯಾಂಕ್ ಕಂತು ಕೈಬಿಡುವುದಿಲ್ಲ. ನಮ್ಮ ಜಂಗಮಕೋಟೆ ಹೋಬಳಿಯಲ್ಲೂ ಕೆಐಎಡಿಬಿ ಜಮೀನಿನ ವಿಷಯದಲ್ಲಿ ರೈತರಲ್ಲೇ ಪರ, ವಿರೋಧ ಎರಡೂ ಇದೆ. ಹೀಗಿರುವಾಗ ರೇಟು ಎತ್ತ ಹೋಗುತ್ತದೆ ಅಂತ ಗ್ಯಾರಂಟಿ ಕೊಡುವವರ ಮಾತು ನಂಬಬೇಡಿ.

ಇಷ್ಟು ಹೇಳಿದರೆ ಸ್ನೇಹಿತರು ಒಂದು ಪ್ರಶ್ನೆ ಕೇಳುತ್ತಾರೆ. ‘ದುಡ್ಡಿದ್ದವರು ಕೈಯಿಂದ ಹಾಕುತ್ತಾರೆ. ಸಾಲ ಮಾಡದೆ ನಮ್ಮಂಥವರು ಯಾವತ್ತು ಸ್ವಂತ ಜಾಗ ಮಾಡಬೇಕು?’ ನ್ಯಾಯವಾದ ಪ್ರಶ್ನೆ. ಎರಡು ಎಕರೆ ಇದ್ದವರಿಗೂ, ಏನೂ ಇಲ್ಲದೆ ಬಾಡಿಗೆ ಮನೆಯಲ್ಲಿ ನೂಲು ಬಿಚ್ಚುವವರಿಗೂ ಒಂದೇ ಬುದ್ಧಿ ಹೇಳುವುದು ತಪ್ಪು.

ನನ್ನ ಉತ್ತರ ಇದು. ವಾಸಕ್ಕೆ ಮನೆ ಬೇಕಾಗಿ ಮಾಡುವ ಬ್ಯಾಂಕ್ ಸಾಲ ಬೇರೆ. ಅಲ್ಲಿ ಬಾಡಿಗೆ ಉಳಿಯುತ್ತದೆ, ಮಕ್ಕಳಿಗೆ ನೆಲೆ ಸಿಗುತ್ತದೆ, ರೇಟು ಬಿದ್ದರೂ ತಲೆ ಮೇಲೆ ಸೂರು ಇರುತ್ತದೆ. ಮುಂದೆ ಮಾರೋಣ ಅಂತ ಖಾಲಿ ಬಿಡುವ ಸೈಟಿಗೆ ಮಾಡುವ ಸಾಲ ಬೇರೆ. ಅದು ವ್ಯಾಪಾರ. ವ್ಯಾಪಾರದಲ್ಲಿ ನಷ್ಟವೂ ಇದೆ ಅಂತ ತಿಳಿದೇ ಇಳಿಯಬೇಕು. ಕೈಬಡ್ಡಿ ತಂದು, ಹೆಂಡತಿಯ ಒಡವೆ ಅಡವಿಟ್ಟು, ಸ್ತ್ರೀಶಕ್ತಿ ಸಂಘದಲ್ಲಿ ಅವರ ಹೆಸರಿಗೆ ಸಾಲ ತೆಗೆಸಿ ಖಾಲಿ ಸೈಟು ಕೊಳ್ಳುವುದನ್ನು ನಾನು ಯಾವ ರೀತಿಯಲ್ಲೂ ಒಪ್ಪುವುದಿಲ್ಲ. ಸೈಟಿನ ಪತ್ರದಲ್ಲಿ ಗಂಡನ ಹೆಸರು, ಸಾಲದ ಪತ್ರದಲ್ಲಿ ಇಬ್ಬರ ಸಹಿ. ಇದು ಯಾವ ನ್ಯಾಯ? ಮನೆಯಾಕೆ ಸಾಲಕ್ಕೆ ಸಹಿ ಹಾಕುವುದಾದರೆ ಸೈಟಿನಲ್ಲೂ ಅವರ ಹೆಸರು ಇರಲಿ. ಕೊಳ್ಳಬೇಕೋ ಬೇಡವೋ ಅನ್ನುವ ಮಾತಿಗೂ ಅವರು ಕೂರಲಿ.

ಪಂಚಾಯಿತಿಯವರಿಗೂ ಒಂದು ಕೋರಿಕೆ. ನಿಮ್ಮ ವ್ಯಾಪ್ತಿಯಲ್ಲಿ ಅನುಮೋದನೆ ಪಡೆದ ಲೇಔಟ್‌ಗಳು ಯಾವುವು, ಸರ್ವೆ ನಂಬರ್ ಯಾವುದು ಅಂತ ಕಚೇರಿಯ ಗೋಡೆ ಮೇಲೆ ಬರೆಸಿ. ನರೇಗಾ ಕೆಲಸದ ವಿವರಕ್ಕೆ ಬೋರ್ಡ್ ಹಾಕಿಸುವವರಿಗೆ ಇದು ದೊಡ್ಡ ಖರ್ಚಲ್ಲ. ಗ್ರಾಮಸಭೆಯಲ್ಲಿ ಓದಿ ಹೇಳಿ. ನಾಲ್ಕು ಕುಟುಂಬ ಉಳಿದರೂ ಸಾಕು.

ಓದುಗರಿಗೆ ಒಂದು ಸಣ್ಣ ಕೆಲಸ. ಸೈಟಿಗಾಗಿ ಇವತ್ತು ಕಂತು ಅಥವಾ ಬಡ್ಡಿ ಕಟ್ಟುತ್ತಿದ್ದರೆ, ಮಕ್ಕಳ ಹಳೇ ನೋಟ್‌ಬುಕ್ಕಿನಲ್ಲಿ ಒಂದು ಪುಟ ತೆಗೆಯಿರಿ. ಕೊಂಡ ಬೆಲೆ, ನೋಂದಣಿ ಖರ್ಚು, ಈವರೆಗೆ ಕಟ್ಟಿದ ಬಡ್ಡಿ, ಬಾಕಿ ಇರುವ ಅಸಲು ಬರೆಯಿರಿ. ಪಕ್ಕದಲ್ಲಿ ಇವತ್ತು ಮಾರಿದರೆ ನಿಜವಾಗಿ ಕೈಗೆ ಬರುವ ಹಣ ಬರೆಯಿರಿ. ಬ್ರೋಕರ್ ಹೇಳುವ ರೇಟು ಬೇಡ, ಹತ್ತಿರದಲ್ಲಿ ಇತ್ತೀಚೆಗೆ ನಿಜವಾಗಿ ಮಾರಾಟವಾದ ರೇಟು ವಿಚಾರಿಸಿ ಬರೆಯಿರಿ. ಲಾಭ ಕಂಡರೆ ಸಂತೋಷ. ಕಾಣದಿದ್ದರೆ ಮರ್ಯಾದೆಗೆ ಅಂಜಿ ಇನ್ನೂ ಐದು ವರ್ಷ ಬಡ್ಡಿ ಕಟ್ಟಬೇಡಿ. ಮಾರಿ ಸಾಲ ತೀರಿಸಿದವರನ್ನು ಊರಲ್ಲಿ ಯಾರಾದರೂ ಆಡಿಕೊಂಡರೆ, ಅವರ ಮನೆಯ ಲೆಕ್ಕದ ಪುಟವನ್ನೂ ತೋರಿಸಲು ಹೇಳಿ.