ಮೊಲಕ್ಕೆ ಉಪವಾಸ ಬೇಡ

ಜೋಡಿಯಾಗಿ ಮನೆಗೆ ಬಂದ ಗಂಡು-ಹೆಣ್ಣು ಮೊಲಗಳು ವರ್ಷದೊಳಗೆ ಹಿಂಡಾಗಬಲ್ಲವು. ಗರ್ಭಾವಧಿ ಸುಮಾರು 31 ದಿನ. ಹೆತ್ತ ದಿನವೇ ತಾಯಿ ಮತ್ತೆ ಗರ್ಭ ಧರಿಸೀತು. ಸಂತಾನಹರಣ ಚಿಕಿತ್ಸೆಯನ್ನು ಕ್ರೌರ್ಯವೆನ್ನುವವರ ಮಾತನ್ನು ನಾನು ಒಪ್ಪಲಾರೆ. ವಯಸ್ಸಾದ ಹೆಣ್ಣು ಮೊಲಗಳನ್ನು ಕಾಡುವ ಗರ್ಭಕೋಶದ ಕ್ಯಾನ್ಸರನ್ನೂ ಅದು ತಪ್ಪಿಸುತ್ತದೆ.

ಆದರೆ ಮೊಲವೆಂದರೆ ಪುಟ್ಟ ಬೆಕ್ಕಲ್ಲ. 2008ರಲ್ಲಿ ಪ್ರಕಟವಾದ ಬ್ರಿಟನ್ನಿನ ವ್ಯಾಪಕ ಅಧ್ಯಯನದಲ್ಲಿ ಅರಿವಳಿಕೆ ಸಂಬಂಧಿತ ಸಾವಿನ ಪ್ರಮಾಣ ನಾಯಿಗಳಲ್ಲಿ ಶೇ 0.17, ಬೆಕ್ಕುಗಳಲ್ಲಿ ಶೇ 0.24 ಇದ್ದರೆ, ಮೊಲಗಳಲ್ಲಿ ಶೇ 1.39 ಇತ್ತು. ಹೀಗಿರುವಾಗ, ಹಿಂದಿನ ರಾತ್ರಿಯಿಂದಲೇ ಆಹಾರ ನಿಲ್ಲಿಸುವ ನಾಯಿ-ಬೆಕ್ಕಿನ ನಿಯಮವನ್ನು ಮೊಲಕ್ಕೂ ಅನ್ವಯಿಸುವುದು ಅಪಾಯಕಾರಿ. ವಾಂತಿಯನ್ನೇ ಮಾಡಲಾರದ ಪ್ರಾಣಿಗೆ ಆ ಉಪವಾಸ ಏತಕ್ಕೆ? ಕರುಳಿನ ಚಲನೆ ನಿಂತರೆ ಅದರ ಪ್ರಾಣಕ್ಕೇ ಸಂಚಕಾರ. ನೋವುನಿವಾರಕವಿಲ್ಲದೆ ಮನೆಗೆ ಕಳುಹಿಸುವುದಂತೂ ಅಕ್ಷಮ್ಯ. ನೋವಿದ್ದರೆ ಮೊಲ ತಿನ್ನದು. ಬೆಕ್ಕಿನಂತೆ ಕೂಗಿ ಹೇಳಿಕೊಳ್ಳುವ ಸ್ವಭಾವವೂ ಅದಕ್ಕಿಲ್ಲ.

ಆದ್ದರಿಂದ ಶುಲ್ಕ ವಿಚಾರಿಸುವ ಮೊದಲು, ಈವರೆಗೆ ಎಷ್ಟು ಮೊಲಗಳಿಗೆ ಈ ಚಿಕಿತ್ಸೆ ಮಾಡಿದ್ದೀರಿ, ಎಷ್ಟು ಚೇತರಿಸಿಕೊಂಡವು ಎಂದು ಪಶುವೈದ್ಯರನ್ನು ಕೇಳಲು ಸಂಕೋಚ ಬೇಡ. ಅನುಭವವುಳ್ಳ ವೈದ್ಯರು ಇಂಥ ಪ್ರಶ್ನೆಗೆ ಬೇಸರಿಸುವುದಿಲ್ಲ. ಇನ್ನು, ಚಿಕಿತ್ಸೆಯಾದ ಗಂಡು ಮೊಲ ಕೆಲವು ವಾರ ಸಂತಾನಶಕ್ತಿ ಉಳಿಸಿಕೊಂಡಿರುತ್ತದೆ. ಅಷ್ಟು ದಿನ ಅದರ ಗೂಡು ಬೇರೆಯಾಗಿರಲಿ.